ಕಿರಮಂಜಿಯ ಹುಳು: ಒಂದು ನಾಮವಿಚಾರ

ಸಂಸ್ಕೃತಕಾವ್ಯಗಳ ವರ್ಷರ್ತುವರ್ಣನೆಗಳಲ್ಲಿ ಇಂದ್ರಗೋಪವೆಂಬ ಕೆಂಪು ಹುಳುವಿನ ಪ್ರಸ್ತಾಪವು ಬಂದೊಡನೆ ಅದರ ಅರ್ಥವನ್ನು ಕೋಶದಲ್ಲಿ ಹುಡುಕಹೊರಟ ವಿದ್ಯಾರ್ಥಿಗೆ ಅನೇಕವೇಳೆ ದೊರೆಯುವ ಉತ್ತರವು ‘ಕೊಚಿನೀಲ್ ಹುಳು’ ಎಂಬುದು. ಮಾನಿಯರ್ ವಿಲಿಯಮ್ಸನ ಸಂಸ್ಕೃತ–ಇಂಗ್ಲಿಷ್ ಕೋಶವೂ ಈ ಅರ್ಥವನ್ನೇ ಕೊಡುತ್ತದೆ. ಅದನ್ನು ನಂಬಿ ಪಾಠ ಹೇಳುವ ಉಪಾಧ್ಯಾಯರೂ ಉಂಟು. ಆದರೆ ಈ ಅರ್ಥವು ಸಾಧುವಲ್ಲ. ಕೊಚಿನೀಲ್ ಹುಳು ಪಾಪಾಸುಕಳ್ಳಿಯ ಜಾತಿಯ ಗಿಡಗಳನ್ನು ಬಿಟ್ಟು ಬೇರೆಲ್ಲಿಯೂ ಬದುಕುವುದಿಲ್ಲ. ಆ ಗಿಡಗಳ ತವರು ಅಮೆರಿಕಾ ಖಂಡ. ಕೊಲಂಬಸನು ಸಮುದ್ರವನ್ನು ದಾಟುವುದಕ್ಕೆ ಮುಂಚೆ ಭರತಖಂಡದಲ್ಲಿ ಆ ಗಿಡವೂ ಇರಲಿಲ್ಲ, ಅದನ್ನು ಆಶ್ರಯಿಸಿದ ಹುಳುವೂ ಇರಲಿಲ್ಲ. ಇಂದ್ರಗೋಪವಾದರೋ ಮೊದಲ ಮಳೆ ಬಿದ್ದೊಡನೆ ನೆಲದಿಂದ ಮೇಲೆದ್ದು ಹಸುರು ಹುಲ್ಲಿನ ನಡುವೆ ಹರಿದಾಡುವ, ಮಖಮಲ್ಲಿನಂತಹ ಮೈಯುಳ್ಳ, ಎಂಟು ಕಾಲಿನ ಜೀವಿ. ಆರು ಕಾಲಿನ ಕೀಟಗಳ ವರ್ಗಕ್ಕೆ ಸೇರದೆ ಜೇಡ, ಉಣ್ಣೆಗಳ ವರ್ಗಕ್ಕೆ ಸೇರಿದುದು. ಆದುದರಿಂದ ಬೃಹದಾರಣ್ಯಕೋಪನಿಷತ್ತಿನಲ್ಲಿ ಪುರುಷರೂಪಕ್ಕೆ ಉಪಮಾನವಾಗಿ ಬರುವ ಇಂದ್ರಗೋಪವಾಗಲಿ, ಋತುಸಂಹಾರದ ಮಳೆಗಾಲದ ಸರ್ಗದಲ್ಲಿ ಬರುವ ಇಂದ್ರಗೋಪವಾಗಲಿ ಕೊಚಿನೀಲ್ ಆಗಲಾರದು.

ಕೋಶಕಾರನ ಈ ಪ್ರಮಾದವನ್ನು ಒಂದು ಚಿಕ್ಕ ತಪ್ಪೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಆ ಹುಳುವಿನ ಚರಿತ್ರೆಯನ್ನು ಪರಿಶೀಲಿಸಿದಷ್ಟೂ, ಹೆಸರೊಂದು ವಸ್ತುವೊಂದು ಎಂಬ ಈ ದೋಷವು ಅದನ್ನು ಮುನ್ನೂರು ವರ್ಷಗಳಿಂದಲೂ ಬೆನ್ನಟ್ಟಿ ಬಂದಿರುವುದು ಕಾಣುತ್ತದೆ. ಒಂದು ಸಲವಂತೂ ಆ ದೋಷದ ಫಲವನ್ನು ದಕ್ಷಿಣಭಾರತದ ಬೇಲಿಬೇಲಿಯೂ ಅನುಭವಿಸಿತು. ನೈಯಾಯಿಕರು ಶಾಸ್ತ್ರಪ್ರವೃತ್ತಿಯನ್ನು ಉದ್ದೇಶ, ಲಕ್ಷಣ, ಪರೀಕ್ಷೆ ಎಂದು ಮೂರಾಗಿ ವಿಂಗಡಿಸುತ್ತಾರೆ: ಮೊದಲು ವಸ್ತುವನ್ನು ಹೆಸರಿನಿಂದ ಹೇಳುವುದು, ಅನಂತರ ಅದನ್ನು ಇತರ ವಸ್ತುಗಳಿಂದ ಬೇರ್ಪಡಿಸುವ ಧರ್ಮವನ್ನು ಹೇಳುವುದು, ಕೊನೆಗೆ ಆ ಲಕ್ಷಣವು ಹೊಂದುವುದೋ ಇಲ್ಲವೋ ಎಂದು ವಿಚಾರಿಸುವುದು. ಕಿರಮಂಜಿಯ ಹುಳುವಿನ ವಿಷಯದಲ್ಲಿ ಉದ್ದೇಶವು ಮೊದಲೇ ನಡೆದುಹೋಗಿ, ಲಕ್ಷಣವೂ ಪರೀಕ್ಷೆಯೂ ಬಹುಕಾಲ ಹಿಂದೆ ಉಳಿದವು.

ಕಿರಮಂಜಿಯೆಂಬ ಕನ್ನಡದ ಮಾತೇ ದೂರದಿಂದ ಬಂದುದು. ಅರಬ್ಬಿಯ ಕಿರ್ಮಿಜ್ ಎಂಬ ಶಬ್ದವು ಹಿಂದೂಸ್ಥಾನಿಯ ಮೂಲಕ ಮರಾಠಿ, ತೆಲುಗು, ಕನ್ನಡಗಳಿಗೆ ಇಳಿದು ಕೆಂಪುಬಣ್ಣಕ್ಕೂ ಆ ಬಣ್ಣವನ್ನು ಕೊಡುವ ಸರಕಿಗೂ ಹೆಸರಾಯಿತು. ಆ ಕಿರ್ಮಿಜ್ ಶಬ್ದಕ್ಕೂ ಪಾರಸಿಯ ‘ಕಿರ್ಮ್’ ಶಬ್ದಕ್ಕೂ ಸಂಬಂಧವುಂಟು. ಕಿರ್ಮ್ ಎಂಬುದು ಸಂಸ್ಕೃತದ ಕೃಮಿಶಬ್ದದ ಸೋದರ. ಅದೇ ಕಿರ್ಮಿಜ್ ಪಶ್ಚಿಮಕ್ಕೆ ಹೋಗಿ ಇಂಗ್ಲಿಷಿನ ಕ್ರಿಮ್ಸನ್, ಕಾರ್ಮೈನ್ ಮುಂತಾದ ಮಾತುಗಳಾಯಿತು. ಲ್ಯಾಟಿನ್ನರು ಸಣ್ಣ ಹುಳುವೆಂಬ ಅರ್ಥದ ತಮ್ಮ ಮಾತಿನಿಂದ ಇನ್ನೊಂದು ಕೆಂಪಿಗೆ ಹೆಸರಿಟ್ಟರು. ವರ್ಮಿಲಿಯನ್ ಎಂಬುದು ಅದರಿಂದ ಬಂದುದು. ಹೀಗೆ ಪೂರ್ವದಲ್ಲಿಯೂ ಪಶ್ಚಿಮದಲ್ಲಿಯೂ ಜನರು ಈ ಕೆಂಪು ಹುಳುವಿನದೆಂದು ಒಂದು ಕಡೆ ಹೇಳಿಕೊಂಡೇ ಬಂದರು. ಇನ್ನೊಂದು ಕಡೆ ಗ್ರೀಕರು ಅದನ್ನು ‘ಕೊಕ್ಕೊಸ್’ ಎಂದರು. ಅದಕ್ಕೆ ಕಾಳು, ಬೀಜ ಎಂದರ್ಥ. ಮೆಡಿಟರೇನಿಯನ್ ತೀರದ ಓಕ್ ಜಾತಿಯ ಗಿಡಕ್ಕೆ ಅಂಟಿಕೊಂಡಿದ್ದು ಬಟಾಣಿಯಂತೆ ಉಬ್ಬಿದ ಹುಳುಗಳನ್ನು ಅವರು ಆ ಗಿಡದ ಕಾಯಿಗಳೆಂದೇ ಎಣಿಸಿದರು. ಸ್ಪೇನಿನವರ ‘ಗ್ರಾನಾ’ ಎಂಬುದೂ ಕಾಳೇ. ಹುಳುವೋ ಕಾಳೋ ಎಂಬ ಸಂಶಯವು ಹೀಗೆ ಹೆಸರುಗಳಲ್ಲಿಯೇ ಹುದುಗಿತ್ತು.

ನಮ್ಮ ಕೋಶಕಾರರು ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದ ಇದ್ದರೆನ್ನಬೇಕು. ಅಮರಸಿಂಹನು ಅರಗಿಗೆ ಹೇಳಿದ ಪರ್ಯಾಯಗಳಲ್ಲಿ ‘ದ್ರುಮಾಮಯ’ ಎಂಬುದೊಂದು. ಮರದ ರೋಗವೆಂದು ಅದರ ಅರ್ಥ. ಅರಗೂ ಕೊಚಿನೀಲೂ ಬೇರೆ ಬೇರೆ ಹುಳುಗಳಿಂದ ಹುಟ್ಟಿದರೂ ಆ ಹುಳುಗಳು ಒಂದೇ ಮಹಾಕುಲಕ್ಕೆ ಸೇರಿದವು. ಇಂದಿನ ಕೃಷಿಶಾಸ್ತ್ರಜ್ಞರು ಆ ಕುಲವನ್ನು ಶಲ್ಕಕೀಟಗಳೆಂದು ಕರೆಯುತ್ತಾರೆ. ಅದರಲ್ಲಿ ಸುಮಾರು ೮,೦೦೦ ಜಾತಿಗಳನ್ನು ಹೆಸರಿಸಿದ್ದಾರೆ. ದಾಸವಾಳ, ಸೀಬೆ, ಕಾಫಿಗಿಡಗಳ ಮೇಲೆ ಬಿಳಿಯ ಹಿಟ್ಟು ಚೆಲ್ಲಿದಂತೆ ಕಾಣುವ ಹಿಟ್ಟುತಿಗಣೆಗಳೂ ಅದರೊಳಗಿನವೇ. ಇವೆಲ್ಲಕ್ಕೂ ಮರಗಿಡಗಳ ರಸವೇ ಆಹಾರ. ಹೆಚ್ಚಿದರೆ ಮರಕ್ಕೆ ರೋಗವೇ ಸರಿ.

ಈ ಕುಲಕ್ಕೆ ಶಾಸ್ತ್ರೀಯವಾದ ಹೆಸರನ್ನು ಕೊಟ್ಟವನು ಸ್ವೀಡನ್ನಿನ ಲಿನೀಯಸ್. ೧೭೫೮ರಲ್ಲಿ ಪ್ರಕಟವಾದ ಅವನ ‘ಸಿಸ್ಟೆಮಾ ನಾಚುರೇ’ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಗ್ರೀಕರ ಕೊಕ್ಕೊಸ್ ಶಬ್ದವನ್ನೇ ತೆಗೆದುಕೊಂಡು ‘ಕೊಕ್ಕಸ್’ ಎಂಬ ಗಣವನ್ನು ಕಲ್ಪಿಸಿದನು. ಹುಳು ಯಾವ ಗಿಡದ ಮೇಲೆ ಇದೆಯೋ ಆ ಗಿಡದ ಹೆಸರನ್ನೇ ಅದಕ್ಕೆ ಉಪಪದವಾಗಿ ಹಚ್ಚುವುದು ಅವನು ಹಿಡಿದ ಸುಲಭಮಾರ್ಗ. ಓಕ್ ಜಾತಿಯ ಗಿಡದ ಹುಳು ‘ಕೊಕ್ಕಸ್ ಇಲಿಸಿಸ್’. ಯೂರೋಪಿನ ಎಲ್ಮ್ ಮರದ ಹುಳು ‘ಕೊಕ್ಕಸ್ ಉಲ್ಮಿ’. ಪಾಪಾಸುಕಳ್ಳಿಯ ಹುಳು ‘ಕೊಕ್ಕಸ್ ಕ್ಯಾಕ್ಟೈ’. ಈ ಕ್ರಮದಲ್ಲಿ ಎಷ್ಟು ಸೌಕರ್ಯವಿದೆಯೋ ಅಷ್ಟೇ ಅಪಾಯವೂ ಇದೆ. ಒಂದು ಮರದ ಮೇಲೆ ಹತ್ತು ಬಗೆಯ ಹುಳುಗಳಿರಬಹುದು. ಒಂದು ಹುಳು ಹತ್ತು ಮರಗಳ ಮೇಲೆ ಇರಬಹುದು. ಎಲ್ಮ್ ಮರದ ಹೆಸರನ್ನು ಹೊತ್ತ ಆ ಹುಳು ಸೇಬಿನ ಮರವೇ ಮೊದಲಾದ ನೂರಾರು ಗಿಡಗಳ ಮೇಲೆ ಬದುಕುವುದೆಂದು ತಿಳಿದುಬಂದಿದೆ. ಈಗ ಅದರ ಗಣವೂ ಬದಲಾಗಿ ‘ಲೆಪಿಡೊಸ್ಯಾಫಿಸ್ ಉಲ್ಮಿ’ ಎನಿಸಿಕೊಂಡಿದೆ. ಎಲ್ಮ್ ಮಾತ್ರ ಹೆಸರಿನಲ್ಲಿ ಉಳಿಯಿತು. ಲಿನೀಯಸನ ಒಂದೇ ಗಣವು ಅನಂತರ ಹಲವು ಕುಟುಂಬಗಳಾಗಿ ಒಡೆಯಿತು. ಇಂಗ್ಲೆಂಡಿನ ವೆಸ್ಟ್‌ವುಡ್ಡನು ೧೮೪೦ರಲ್ಲಿ ಹಿಟ್ಟುತಿಗಣೆಗಳಿಗೆ ‘ಸ್ಯೂಡೊಕೊಕ್ಕಸ್’ ಎಂಬ ಬೇರೆ ಗಣವನ್ನು ಮಾಡಿದನು. ಹುಸಿ ಕೊಕ್ಕಸ್ ಎಂದು ಅದರ ಅರ್ಥ. ಯಾವುದು ಹುಸಿ, ಯಾವುದು ದಿಟ ಎಂಬುದೇ ಈ ಕುಲದ ಚರಿತ್ರೆಯ ತಿರುಳಾಗಿರುವುದರಿಂದ ಆ ಹೆಸರು ಚೆನ್ನಾಗಿ ಹೊಂದಿತು.

ಹುಳುವಿನ ಜೀವನಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸದಿದ್ದರೆ ಮುಂದಿನ ಕಥೆ ತಿಳಿಯಲಾರದು. ಕೊಚಿನೀಲಿನ ಹೆಣ್ಣಿಗೆ ರೆಕ್ಕೆಯಿಲ್ಲ. ಮರಿಯಾಗಿದ್ದಾಗ ಮಾತ್ರ ಅದು ಹರಿದಾಡಬಲ್ಲುದು. ಆಗ ಅದರ ಮೈಮೇಲೆ ಮೇಣದ ಉದ್ದವಾದ ಎಳೆಗಳಿರುತ್ತವೆ, ಗಾಳಿಯು ಆ ಎಳೆಗಳನ್ನು ಹಿಡಿದು ಮರಿಯನ್ನು ಒಂದು ಗಿಡದಿಂದ ಇನ್ನೊಂದು ಗಿಡಕ್ಕೆ ಒಯ್ಯುತ್ತದೆ. ತಕ್ಕ ಸ್ಥಳ ಸಿಕ್ಕಿದಲ್ಲಿ ಸೂಜಿಯಂತಹ ಬಾಯನ್ನು ಕಳ್ಳಿಯ ದಳದೊಳಕ್ಕೆ ಇಳಿಸಿತೆಂದರೆ ಅಲ್ಲಿಯೇ ನೆಲಸಿಬಿಡುತ್ತದೆ. ಅಲ್ಲಿಯೇ ಬೆಳೆದು, ಅಲ್ಲಿಯೇ ಸಂತತಿಯನ್ನು ಹೆತ್ತು, ಅಲ್ಲಿಯೇ ಸಾಯುತ್ತದೆ. ಗಂಡಿಗೆ ಎರಡು ರೆಕ್ಕೆಗಳುಂಟು, ಆದರೆ ತಿನ್ನಲು ಬಾಯಿಲ್ಲ. ಕೆಲವೇ ದಿನ ಬದುಕಿದ್ದು ಕೂಡಿ ಸಾಯುತ್ತದೆ. ಹೆಣ್ಣಿನ ಮೈಮೇಲೆ ಬಿಳಿಯ ಮೇಣದ ಹೊದಿಕೆ. ಅದನ್ನು ಉಜ್ಜಿದರೆ ಒಳಗೆ ರಕ್ತದಂತಹ ಕೆಂಪು. ಆ ಕೆಂಪಿನ ಸಾರವು ಕಾರ್ಮಿನಿಕ್ ಆಮ್ಲ. ಒಣಗಿಸಿದ ಒಳ್ಳೆಯ ಹುಳುವಿನ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಅದೇ ಆಗಿರುತ್ತದೆ. ನಡೆಯಲಾರದ, ಹಾರಲಾರದ ಈ ಪ್ರಾಣಿಗೆ ಅದೇ ಆತ್ಮರಕ್ಷಣೆಯ ಆಯುಧ. ಇರುವೆಗಳು ಅದನ್ನು ಸಹಿಸಲಾರವೆಂದು ೧೯೮೦ರಲ್ಲಿ ಅಮೆರಿಕಾದ ವಿಜ್ಞಾನಿಗಳು ತೋರಿಸಿದರು. ಒಂದು ಪತಂಗದ ಕಂಬಳಿಹುಳು ಮಾತ್ರ ಕೊಚಿನೀಲನ್ನು ನಿರ್ಭಯವಾಗಿ ತಿಂದು, ಆ ಕೆಂಪುರಸವನ್ನೇ ಕಕ್ಕಿ ತನ್ನ ಶತ್ರುಗಳನ್ನು ಓಡಿಸುತ್ತದೆಯಂತೆ. ಪರರ ಆಯುಧವನ್ನು ಕದ್ದು ಕಾದುವ ಚಾತುರ್ಯಕ್ಕೆ ಪಂಚತಂತ್ರಕಾರನಾದರೂ ಮೆಚ್ಚುತ್ತಿದ್ದನು.

ಈ ಹುಳುವಿನಲ್ಲಿ ಎರಡು ತರವುಂಟು ಎಂಬುದು ಮುಖ್ಯವಾದ ಸಂಗತಿ. ಮೆಕ್ಸಿಕೋ ದೇಶದ ಒವಾಹಾಕಾ ಪ್ರಾಂತದ ಜನರು ಅನೇಕ ಶತಮಾನಗಳಿಂದ ಸಾಕಿ, ಆರಿಸಿ, ಬೆಳೆಸಿದ ಹುಳು ಒಂದು. ಸ್ಪೇನಿನವರು ಅದನ್ನು ‘ಗ್ರಾನಾ ಫೀನಾ’, ಎಂದರೆ ನಯವಾದ ಕಾಳು, ಎಂದರು. ತಾನಾಗಿ ಕಾಡುಗಳ್ಳಿಯ ಮೇಲೆ ಬೆಳೆಯುವುದು ಇನ್ನೊಂದು. ಅದು ‘ಗ್ರಾನಾ ಸಿಲ್ವೆಸ್ಟ್ರೆ’, ಕಾಡುಕಾಳು. ಸಾಕಿದ ಹುಳು ದೊಡ್ಡದು, ಅದರ ಮೇಣವು ಹಿಟ್ಟಿನ ಪುಡಿಯಂತೆ. ಕಾಡುಹುಳು ಚಿಕ್ಕದು, ಅದರ ಮೇಣವು ಹತ್ತಿಯ ನೂಲಿನಂತೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ, ಬಣ್ಣವೂ ಕಡಮೆ. ಸಾಕಿದುದಕ್ಕೆ ಮಳೆ, ಚಳಿಗಳಿಂದ ಆಶ್ರಯ ಬೇಕು, ಕಾಡಿನದು ಗಟ್ಟಿಮುಟ್ಟು. ಇವೆರಡೂ ಒಂದೇ ಹುಳುವಿನ ಎರಡು ಅವಸ್ಥೆಗಳೆಂದೂ, ಮನುಷ್ಯನ ಆರೈಕೆಯಿಂದ ಕಾಡಿನದು ನಯವಾದುದಾಗುವುದೆಂದೂ ಹದಿನೆಂಟನೆಯ ಶತಮಾನದಲ್ಲಿ ಅನೇಕರು ನಂಬಿದ್ದರು. ಈ ನಂಬಿಕೆಯೇ ಮುಂದಿನ ಅನರ್ಥಕ್ಕೆ ಬೀಜ.

ಸ್ಪೇನಿನವರು ಮೆಕ್ಸಿಕೋವನ್ನು ಗೆದ್ದ ಮೇಲೆ ಈ ಸರಕು ಯೂರೋಪಿಗೆ ಹೋಗಿ ಅಲ್ಲಿಯ ಹಳೆಯ ಕೆಂಪುಗಳನ್ನೆಲ್ಲ ಹಿಂದಕ್ಕೆ ತಳ್ಳಿತು. ಒಂದು ಪೌಂಡಿಗೆ ಸುಮಾರು ೭೦,೦೦೦ ಹುಳುಗಳು ಬೇಕಾಗುತ್ತಿದ್ದರೂ ಬೆಳ್ಳಿಯ ತರುವಾಯ ಮೆಕ್ಸಿಕೋದಿಂದ ಹೊರಡುತ್ತಿದ್ದ ಅಮೂಲ್ಯ ಸರಕೆಂದರೆ ಇದೇ. ಸ್ಪೇನಿನವರು ಅದರ ಮರ್ಮವನ್ನು ಬಿಟ್ಟುಕೊಡಲಿಲ್ಲ. ಒಣಗಿದ ಹುಳುವನ್ನು ಕೊಳ್ಳುತ್ತಿದ್ದ ಯೂರೋಪಿನ ವರ್ತಕರು ಅದು ಬೀಜವೋ ಪ್ರಾಣಿಯೋ ಎಂದು ಇನ್ನೂರು ವರ್ಷ ವಾದಿಸುತ್ತಿದ್ದರು. ಹಾಲೆಂಡಿನ ಲೇವನ್‌ಹುಕ್ಕನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ ಅದು ಕೀಟವೆಂಬುದನ್ನು ೧೭೦೪ರಲ್ಲಿ ಪ್ರಕಟಿಸಿದನು. ಆದರೂ ವಾದ ನಿಲ್ಲಲಿಲ್ಲ. ಅದೇ ದೇಶದ ರೂಸ್ಕರ್ ಎಂಬುವನು ಈ ವಿಷಯವಾಗಿ ಸ್ನೇಹಿತನೊಡನೆ ಪಣ ಕಟ್ಟಿ, ಒವಾಹಾಕಾದಲ್ಲಿ ಹುಳು ಸಾಕುವ ರೈತರಿಂದಲೇ ಪ್ರಮಾಣಪೂರ್ವಕವಾದ ಸಾಕ್ಷ್ಯಗಳನ್ನು ಬರೆಯಿಸಿ ತರಿಸಿ, ೧೭೨೯ರಲ್ಲಿ ಒಂದು ಪುಸ್ತಕವಾಗಿ ಅಚ್ಚುಹಾಕಿಸಿದನು. ಪ್ರತ್ಯಕ್ಷಪ್ರಮಾಣವು ತೀರಿಸಲಾರದ ವ್ಯಾಜ್ಯವನ್ನು ಆಪ್ತವಾಕ್ಯವು ತೀರಿಸಿದ ನಿದರ್ಶನಗಳು ಪಾಶ್ಚಾತ್ಯ ಪ್ರಕೃತಿಶಾಸ್ತ್ರದಲ್ಲಿ ವಿರಳ, ಇದು ಅವುಗಳಲ್ಲೊಂದು.

ಲಿನೀಯಸನ ‘ಕೊಕ್ಕಸ್ ಕ್ಯಾಕ್ಟೈ’ಯ ಕಥೆ ಇದಕ್ಕಿಂತ ವಿಚಿತ್ರವಾದುದು. ಅವನ ಶಿಷ್ಯನಾದ ರೋಲಾಂಡರನು ದಕ್ಷಿಣ ಅಮೆರಿಕಾದ ಸುರಿನಾಮ್ ದೇಶದಿಂದ ಗುರುವಿಗೆ ಹುಳುಸಹಿತವಾದ ಕಳ್ಳಿಯನ್ನು ಕಳುಹಿಸಿಕೊಟ್ಟನು. ಗಿಡವು ಉಪ್ಸಾಲಾ ನಗರದ ತೋಟಕ್ಕೆ ಬಂದಾಗ ಲಿನೀಯಸನು ಪಾಠ ಹೇಳುತ್ತಿದ್ದನಂತೆ. ಅವನು ಬರುವಷ್ಟರಲ್ಲಿ ತೋಟಗಾರನು ಗಿಡಕ್ಕೆ ಹತ್ತಿದ ಹೊಲಸು ಹುಳುಗಳನ್ನೆಲ್ಲ ಶ್ರದ್ಧೆಯಿಂದ ತೊಳೆದು ಶುಚಿ ಮಾಡಿದ್ದನೆಂದು ಪ್ರತೀತಿ. ಲಿನೀಯಸನು ಹೆಸರಿಟ್ಟ ಹುಳುವಾದರೂ ಬಣ್ಣದ ಹುಳುವೇ ಆಗಿತ್ತೆಂದು ಲೋಕವೆಲ್ಲ ಇನ್ನೂರು ವರ್ಷ ನಂಬಿತ್ತು. ವೈದ್ಯರ ಪುಸ್ತಕಗಳೂ, ವರ್ತಕರ ಪಟ್ಟಿಗಳೂ, ಶಾಲೆಯ ಪಾಠಗಳೂ ಕೊಚಿನೀಲನ್ನು ‘ಕೊಕ್ಕಸ್ ಕ್ಯಾಕ್ಟೈ’ ಎಂದೇ ಕರೆದವು. ೧೯೭೪ರಲ್ಲಿ ದೆ ಲೊಟ್ಟೊ ಎಂಬ ವಿದ್ವಾಂಸರು ಈ ಹೆಸರುಗಳನ್ನೆಲ್ಲ ಪರಿಶೋಧಿಸಿದಾಗ, ಲಿನೀಯಸನ ಆ ಹೆಸರು ನಿಜವಾಗಿ ಸಲ್ಲುವುದು ಬಣ್ಣದ ಹುಳುವಿಗಲ್ಲ, ಕಳ್ಳಿಯನ್ನೇ ಆಶ್ರಯಿಸಿದ ಬೇರೊಂದು ಕುಟುಂಬದ ಹುಳುವಿಗೆ ಎಂದು ಸಿದ್ಧವಾಯಿತು. ಆ ಹುಳು ಈಗ ‘ಪ್ರೊಟೋರ್ಟೋನಿಯಾ ಕ್ಯಾಕ್ಟೈ’ ಎನಿಸಿಕೊಂಡಿದೆ. ಒವಾಹಾಕಾದ ನಯವಾದ ಹುಳುವಿಗೆ ಉಳಿದುದು ನೇಪಲ್ಸಿನ ಕೋಸ್ಟಾ ಎಂಬುವನು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇಟ್ಟ ‘ಡ್ಯಾಕ್ಟಿಲೋಪಿಯಸ್ ಕೊಕ್ಕಸ್’ ಎಂಬ ಹೆಸರು.

ಸ್ಪೇನಿನ ಕಾವಲನ್ನು ಮೊದಲು ಮುರಿದವನು ಫ್ರೆಂಚ್ ಸಸ್ಯಶಾಸ್ತ್ರಜ್ಞನಾದ ಥಿಯೆರಿ ದ ಮೆನೊನ್‌ವಿಲ್. ಅವನು ೧೭೭೭ರಲ್ಲಿ ಒವಾಹಾಕಾಕ್ಕೆ ಗುಟ್ಟಾಗಿ ಹೋಗಿ, ಹುಳುಗಳಿದ್ದ ಕಳ್ಳಿಗಳನ್ನು ಕದ್ದು ಈಗಿನ ಹೈಟಿಯಾದ ಸೇಂಟ್ ಡೊಮಿಂಗೊ ದ್ವೀಪಕ್ಕೆ ತಂದನು. ೧೭೮೦ರಲ್ಲಿ ಅವನು ತೀರಿಕೊಂಡ ಮೇಲೆ ನಯವಾದ ಹುಳು ಅಳಿದು ಕಾಡಿನದು ಮಾತ್ರ ಉಳಿಯಿತು. ಅವನ ಗ್ರಂಥವು ೧೭೮೭ರಲ್ಲಿ ಅಚ್ಚಾಯಿತು. ಅದೇ ಹೊತ್ತಿಗೆ ಮದರಾಸಿನಲ್ಲಿ ಇನ್ನೊಬ್ಬನು ಇದೇ ಹುಳುವಿನ ಕನಸನ್ನು ಕಾಣುತ್ತಿದ್ದನು.

ಆತನು ಈಸ್ಟ್ ಇಂಡಿಯಾ ಕಂಪೆನಿಯ ಹಿರಿಯ ವೈದ್ಯನಾಗಿದ್ದ ಜೇಮ್ಸ್ ಆಂಡರ್ಸನ್. ೧೭೮೬ರಲ್ಲಿ ಮದರಾಸಿನ ಹತ್ತಿರ ಒಂದು ಬಗೆಯ ಹುಲ್ಲಿನ ಮೇಲೆ ಹಿಸುಕಿದರೆ ಕೆಂಪಾಗುವ ಹುಳುಗಳನ್ನು ಕಂಡು, ಇವು ಕೊಚಿನೀಲಿನ ಜಾತಿಯವೇ ಎಂದು ಉತ್ಸಾಹಗೊಂಡು, ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಾದ ಸರ್ ಜೋಸೆಫ್ ಬ್ಯಾಂಕ್ಸನಿಗೆ ಪತ್ರದ ಮೇಲೆ ಪತ್ರ ಬರೆದನು. ಆ ಪತ್ರಗಳು ೧೭೮೮ರಲ್ಲಿ ಮದರಾಸಿನಲ್ಲಿಯೇ ಪುಸ್ತಕರೂಪವಾಗಿ ಅಚ್ಚಾದುವು. ಹುಲ್ಲಿನ ಹುಳು ಬಣ್ಣಕ್ಕೆ ಒದಗಲಿಲ್ಲ. ಆದರೆ ಅದರಿಂದ ಹುಟ್ಟಿದ ಆಸೆ ಬೆಳೆಯಿತು. ಸೈದಾಪೇಟೆಯಲ್ಲಿ ಕಂಪೆನಿಯ ಖರ್ಚಿನಿಂದ ಒಂದು ಕಳ್ಳಿಯ ತೋಟವೆದ್ದಿತು. ಕಳ್ಳಿಗೆ ಮೆಕ್ಸಿಕೋದವರು ಹೇಳುವ ‘ನೊಪಾಲ್’ ಎಂಬ ಹೆಸರಿನಿಂದ ಅದನ್ನು ‘ನೊಪಾಲ್ರಿ’ ಎಂದು ಕರೆದರು. ಆಂಡರ್ಸನ್ನನ ಸೋದರಳಿಯನಾದ ಆಂಡ್ರ್ಯೂ ಬೆರ್ರಿ ಅದರ ಮೇಲ್ವಿಚಾರಕನಾದನು. ಗಿಡಗಳು ಬಂದುವು, ಬೆಳೆದುವು, ಹರಡಿದುವು. ಹುಳು ಮಾತ್ರ ಬರಲಿಲ್ಲ. ಮದುವೆಯ ಚಪ್ಪರವೆಲ್ಲ ಸಿದ್ಧವಾಗಿ ವರನಿಗಾಗಿ ವರ್ಷಗಟ್ಟಲೆ ಕಾದ ಹಾಗಾಯಿತು.

ಹುಳು ಬಂದುದು ೧೭೯೫ರಲ್ಲಿ, ಅದೂ ಕಲ್ಕತ್ತೆಗೆ. ಕ್ಯಾಪ್ಟನ್ ನೀಲ್ಸನ್ ಎಂಬ ಸೈನ್ಯಾಧಿಕಾರಿಯು ಭರತಖಂಡಕ್ಕೆ ಬರುವ ದಾರಿಯಲ್ಲಿ ಬ್ರಜಿಲ್ ದೇಶದ ರಿಯೋ ದ ಜನೈರೋ ಬಂದರದಲ್ಲಿ ಹುಳು ಹತ್ತಿದ ಕಳ್ಳಿಗಿಡಗಳನ್ನು ಸಂಪಾದಿಸಿ ಹಡಗಿಗೆ ಏರಿಸಿದನು. ಕಲ್ಕತ್ತೆಯನ್ನು ಮುಟ್ಟುವಾಗ ಕೆಲವೇ ಹುಳುಗಳು ಜೀವದಿಂದಿದ್ದುವು. ಅವನ್ನು ಅಲ್ಲಿಯ ಸಸ್ಯೋದ್ಯಾನಕ್ಕೆ ಒಪ್ಪಿಸಲಾಯಿತು. ಆಗ ಅದರ ಅಧ್ಯಕ್ಷನು ಪ್ರಸಿದ್ಧನಾದ ವಿಲಿಯಂ ರಾಕ್ಸ್‌ಬರ್ಗ್. ಇಲ್ಲಿ ಒಂದು ಆಶ್ಚರ್ಯವು ನಡೆಯಿತು. ಯೂರೋಪು, ಅಮೆರಿಕಾಗಳಿಂದ ಶ್ರಮಪಟ್ಟು ತರಿಸಿ ಬೆಳೆಸಿದ ಕಳ್ಳಿಗಳ ಮೇಲೆ ಆ ಹುಳು ಚೆನ್ನಾಗಿ ಏಳಲಿಲ್ಲ. ದೇಶದ ಬೇಲಿಗಳಲ್ಲಿ ಆಗಲೇ ಹಬ್ಬಿದ್ದ ಕಳ್ಳಿಯ ಮೇಲೆ ಬಿಟ್ಟೊಡನೆ ಅಪಾರವಾಗಿ ಹೆಚ್ಚಿತು. ಆ ಕಳ್ಳಿಯೂ ಹಿಂದೊಮ್ಮೆ ದಕ್ಷಿಣ ಅಮೆರಿಕಾದಿಂದಲೇ ಬಂದುದಾಗಿತ್ತು; ಇಂದು ಅದನ್ನು ‘ಒಪಂಷಿಯಾ ಮೊನಕ್ಯಾಂಥಾ’ ಎನ್ನುತ್ತಾರೆ. ತವರಿನ ಹುಳು ತವರಿನ ಗಿಡವನ್ನು ಎರಡು ಸಮುದ್ರಗಳಾಚೆ ಗುರುತಿಸಿತು. ಅದನ್ನು ತಂದ ಮನುಷ್ಯರು ಆ ಹುಳುವನ್ನು ಗುರುತಿಸಲಿಲ್ಲ.

ಕಲ್ಕತ್ತೆಯಿಂದ ಹುಳುಗಳು ಮದರಾಸಿಗೆ ಬಂದುವು. ರೈತರು ಸಂಗ್ರಹಿಸಿದರು, ಕಂಪೆನಿಯು ಕೊಂಡಿತು, ಲಂಡನ್ನಿಗೆ ಕಳುಹಿಸಿತು. ಲಂಡನ್ನಿನ ಬಣ್ಣಗಾರರು ಮೆಕ್ಸಿಕೋದ ಸರಕಿನೊಡನೆ ಹೋಲಿಸಿ ಇದು ಕೀಳೆಂದರು. ಬೆಲೆ ಬಿದ್ದಿತು. ಅದಕ್ಕಿಂತ ಮೊದಲು ಗಿಡವೇ ಬಿದ್ದಿತ್ತು. ಹುಳುಗಳು ತಮ್ಮ ಆಹಾರವಾದ ಕಳ್ಳಿಯನ್ನು ರಸ ಹೀರಿ ಕೊಂದುಹಾಕುತ್ತಿದ್ದುದರಿಂದ ಬೆಳೆ ಬೆಳೆದಂತೆಲ್ಲ ಹೊಲವೇ ಇಲ್ಲವಾಗುತ್ತಿತ್ತು. ೧೮೦೦ರ ಸುಮಾರಿಗೆ ಸೈದಾಪೇಟೆಯ ತೋಟವು ಮುಚ್ಚಿತು. ಟೀಪುಸುಲ್ತಾನನು ಮಡಿದ ಮೇಲೆ ಕಂಪೆನಿಯವರ ವಶವಾಗಿದ್ದ ಬೆಂಗಳೂರಿನ ಲಾಲ್‌ಬಾಗ್ ಆಗ ಬೆಂಜಮಿನ್ ಹೈನೆಯ ಕೈಕೆಳಗೆ ಸಸ್ಯೋದ್ಯಾನವಾಗುತ್ತಿತ್ತು. ಮದರಾಸಿನ ತೋಟದ ಗಿಡಗಳು ಅಲ್ಲಿಗೆ ಸಾಗಿಬಂದುವು. ಬೆಂಗಳೂರಿಗೆ ಕೊಚಿನೀಲಿನ ಕನಸಿನಿಂದ ಉಳಿದ ಪ್ರಯೋಜನವೆಂದರೆ ಇದೊಂದೇ. ಆಂಡರ್ಸನ್ನನು ೧೮೦೯ರಲ್ಲಿ ತೀರಿಕೊಂಡನು.

ಈ ಉದ್ಯಮವು ಕೆಟ್ಟುದಕ್ಕೆ ಹವಾಮಾನವನ್ನೂ, ಕೆಲಸಗಾರರ ಅನನುಭವವನ್ನೂ, ಕಂಪೆನಿಯ ಜಿಪುಣತನವನ್ನೂ ಕಾರಣವಾಗಿ ಹೇಳುವುದು ವಾಡಿಕೆ. ಅವುಗಳಲ್ಲಿ ಅಲ್ಪಸ್ವಲ್ಪ ಸತ್ಯವಿರಬಹುದು. ಆದರೆ ಮೂಲಕಾರಣವು ಅದಲ್ಲ. ನೀಲ್ಸನ್ನನು ತಂದ ಹುಳು ಮೆಕ್ಸಿಕೋದ ಹುಳುವೇ ಅಲ್ಲ. ಅದರ ಕಾಡುರೂಪವೂ ಅಲ್ಲ. ಬ್ರಜಿಲ್ ಮೊದಲಾದ ದಕ್ಷಿಣ ಅಮೆರಿಕಾದ ದೇಶಗಳಲ್ಲಿ ಹುಟ್ಟಿದ ಬೇರೊಂದು ಜಾತಿ. ಎಷ್ಟು ಆರೈಕೆ ಮಾಡಿದರೂ ಅದು ನಯವಾದ ಕಾಳಾಗುವಂತಿರಲಿಲ್ಲ. ಎಮ್ಮೆಗೆ ಎಷ್ಟು ಹಿಂಡಿ ಹಾಕಿದರೂ ಹಸುವಾಗದು. ‘ಕೊಕ್ಕಸ್ ಕ್ಯಾಕ್ಟೈ’ ಎಂಬ ಒಂದೇ ಹೆಸರು ಎಲ್ಲವನ್ನೂ ಮುಚ್ಚಿದ್ದುದರಿಂದ, ಕಳ್ಳಿಯ ಮೇಲೆ ಇರುವ, ಬಿಳಿಯ ಮೇಣವುಳ್ಳ, ಹಿಸುಕಿದರೆ ಕೆಂಪಾಗುವ ಹುಳುವೆಂದರೆ ಸಾಕು, ಅದೇ ಇದು ಎಂಬ ನಿರ್ಣಯವಾಯಿತು. ಇದಕ್ಕೆ ಶಾಸ್ತ್ರದಲ್ಲಿ ಅತಿವ್ಯಾಪ್ತಿಯೆಂದು ಹೆಸರು. ಮೇಣವು ಪುಡಿಯೋ ನೂಲೋ ಎಂಬ ಭೇದವನ್ನು ಒವಾಹಾಕಾದ ಅಕ್ಷರವರಿಯದ ರೈತನು ಬರಿಗಣ್ಣಿನಿಂದಲೇ ಅರಿಯುತ್ತಿದ್ದನು. ರಾಯಲ್ ಸೊಸೈಟಿಗೆ ಪತ್ರ ಬರೆಯುವವರು ಆ ಭೇದವನ್ನು ಆರೈಕೆಯ ಭೇದವೆಂದು ತಿಳಿದರು.

ಆ ಹುಳುವಿಗೆ ತನ್ನದೇ ಆದ ಹೆಸರು ದೊರೆತುದು ನೂರು ವರ್ಷಗಳ ಮೇಲೆ. ಸಿಂಹಳದಲ್ಲಿದ್ದ ಇಂಗ್ಲಿಷ್ ಕೀಟಶಾಸ್ತ್ರಜ್ಞ ಗ್ರೀನ್ ೧೮೯೬ರಲ್ಲಿ ಅದನ್ನು ವರ್ಣಿಸಿ ‘ಸಿಲೋನಿಕಸ್’ ಎಂದು ಹೆಸರಿಟ್ಟರು. ಹಳೆಯ ಪುಸ್ತಕಗಳಲ್ಲಿ ‘ಇಂಡಿಕಸ್’ ಎಂಬ ಇನ್ನೊಂದು ಹೆಸರೂ ಕಾಣುತ್ತದೆ. ಬ್ರಜಿಲಿನ ಹುಳುವಿಗೆ ಸಿಂಹಳದ ಹೆಸರೊಂದು, ಭಾರತದ ಹೆಸರೊಂದು! ಇಂತಹದೇ ಇನ್ನೊಂದು ಉಂಟು: ಮೆಕ್ಸಿಕೋದಲ್ಲಿ ನಯವಾದ ಹುಳುವನ್ನು ಸಾಕುವ ಕಳ್ಳಿಗೆ ಲಿನೀಯಸನ ಕಾಲದಿಂದಲೂ ‘ಫೈಕಸ್ ಇಂಡಿಕಾ’, ಎಂದರೆ ಭಾರತದ ಅತ್ತಿ, ಎಂಬ ಉಪಪದವೇ ನಡೆದುಬಂದಿದೆ. ಹೆಸರುಗಳನ್ನು ನೋಡಿ ವಸ್ತುವಿನ ಜನ್ಮಭೂಮಿಯನ್ನು ನಿರ್ಣಯಿಸುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಬಣ್ಣಕ್ಕೆ ಬಾರದ ಹುಳುವಿಗೆ ಬೇರೊಂದು ಉಪಯೋಗವು ಕಾದಿತ್ತು. ಬೇಲಿಗೆಂದು ತಂದ ಪಾಪಾಸುಕಳ್ಳಿಯು ಬೇಲಿಯನ್ನು ದಾಟಿ ಹೊಲ, ಗೋಮಾಳ, ಊರಬಾಗಿಲುಗಳನ್ನೆಲ್ಲ ಆಕ್ರಮಿಸಿದ್ದಿತು. ಉತ್ತರದಲ್ಲಿ ಆ ಹುಳು ಹೋದಲ್ಲೆಲ್ಲ ಕಳ್ಳಿಯು ಅಳಿದುದನ್ನು ಕಂಡು, ೧೮೩೬ರಿಂದ ೧೮೩೮ರ ಒಳಗೆ ಅದನ್ನು ಬೇಕೆಂದೇ ದಕ್ಷಿಣಕ್ಕೆ ತಂದು ಬಿಟ್ಟರು. ಕಳ್ಳಿಯು ಇಲ್ಲಿಯೂ ನೆಲಕಚ್ಚಿತು. ೧೮೬೦ರ ದಶಕದಲ್ಲಿ ಸಿಂಹಳಕ್ಕೂ ಅದನ್ನು ಒಯ್ದರು. ಒಂದು ಕಳೆಯನ್ನು ಅದರ ಸಹಜಶತ್ರುವಾದ ಕೀಟದಿಂದ ಕೊಲ್ಲಿಸುವ ವಿಧಾನವು ಲೋಕದಲ್ಲಿ ಮೊದಲು ನಡೆದುದು ಇಲ್ಲಿಯೇ ಎಂದು ಈ ಶಾಸ್ತ್ರದ ಇತಿಹಾಸಕಾರರು ಹೇಳುತ್ತಾರೆ. ೧೯೧೩ರಲ್ಲಿ ಇದೇ ಹುಳು ಇದೇ ಕೆಲಸಕ್ಕಾಗಿ ದಕ್ಷಿಣ ಆಫ್ರಿಕಾಕ್ಕೆ ಹೋಯಿತು; ತರುವಾಯ ಆಸ್ಟ್ರೇಲಿಯಾಕ್ಕೂ ಹೋಯಿತು.

ಆದರೆ ಪಾಪಾಸುಕಳ್ಳಿಯೂ ಒಂದಲ್ಲ. ಡಬ್ಬುಗಳ್ಳಿಯೆಂದು ಕೆಲವೆಡೆ ಕರೆಯುವ, ಹಳದಿ ಮುಳ್ಳಿನ ಇನ್ನೊಂದು ಜಾತಿಯನ್ನು ಸಿಲೋನಿಕಸ್ ಹುಳು ಮುಟ್ಟಲಿಲ್ಲ. ಮೊದಲನೆಯ ಕಳ್ಳಿಯು ಅಳಿದ ನೆಲದಲ್ಲಿ ಇದು ನಿಶ್ಚಿಂತೆಯಿಂದ ಬೆಳೆದು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮದರಾಸು ಪ್ರಾಂತದ ಒಣಸೀಮೆಗಳಿಗೆ ದೊಡ್ಡ ಪಿಡುಗಾಗಿತ್ತು. ೧೯೨೬ರಲ್ಲಿ ಸಿಂಹಳದ ಮಾರ್ಗವಾಗಿ ಇನ್ನೊಂದು ಜಾತಿಯ ಹುಳುವನ್ನು ತಂದರು. ಕೆಲವೇ ವರ್ಷಗಳಲ್ಲಿ ಅದು ಕಳ್ಳಿಯ ಪೊದೆಗಳನ್ನು ಕೊಳೆಸಿ ಕೆಡವಿತು. ಅದನ್ನು ತಂದವರು ಅದಕ್ಕೆ ‘ಡ್ಯಾಕ್ಟಿಲೋಪಿಯಸ್ ಟೊಮೆಂಟೋಸಸ್’ ಎಂದು ಹೆಸರು ಹೇಳಿದರು. ಆ ಹೆಸರೂ ತಪ್ಪೇ. ಅದು ‘ಡ್ಯಾಕ್ಟಿಲೋಪಿಯಸ್ ಒಪಂಷಿಯೇ’ ಎಂಬ ಬೇರೆ ಜಾತಿಯೆಂದು ಮುಂದೆ ಗೊತ್ತ��ಯಿತು. ಈ ಸಲ ಹೆಸರು ತಪ್ಪಿದರೂ ಕೆಲಸವು ಕೆಡಲಿಲ್ಲ. ಏಕೆಂದರೆ ತರುವುದಕ್ಕೆ ಮುಂಚೆ ಹುಳುವು ಯಾವ ಕಳ್ಳಿಯನ್ನು ತಿನ್ನುವುದೆಂದು ಪರೀಕ್ಷಿಸಿದ್ದರು. ಲಕ್ಷಣವು ತಪ್ಪಿದಲ್ಲಿ ಪರೀಕ್ಷೆಯು ಕಾಪಾಡಿತು. ಅದೇ ಒಪಂಷಿಯೇ ಹುಳು ಈಚೆಗೆ, ೨೦೧೪ರಿಂದ, ಮೊರಾಕೋ ದೇಶದಲ್ಲಿ ಹಣ್ಣಿಗಾಗಿಯೂ ಮೇವಿಗಾಗಿಯೂ ಬೆಳೆಸುವ ಕಳ್ಳಿಯ ತೋಟಗಳನ್ನು ಹಾಳುಮಾಡಿ ಅಲ್ಲಿಯ ರೈತರನ್ನು ಅಳಿಸಿದೆ.

ಈ ಹುಳುಗಳ ಜಾತಿಗಳನ್ನು ಕಣ್ಣಿನಿಂದ ನೋಡಿ ವಿಂಗಡಿಸಲಾಗದು. ಗಂಡುಗಳು ಕ್ಷಣಿಕ, ಹೆಣ್ಣುಗಳೆಲ್ಲ ಮೇಣದೊಳಗಿನ ಒಂದೇ ತರದ ಕೆಂಪು ಉಂಡೆಗಳು. ಬಲಿತ ಹೆಣ್ಣಿನ ಮೈಯೊಳಗಿನ ರಸವನ್ನೆಲ್ಲ ತೆಗೆದು, ಚರ್ಮವನ್ನು ಗಾಜಿನ ಫಲಕದ ಮೇಲೆ ಹರಡಿ, ಸೂಕ್ಷ್ಮದರ್ಶಕದಲ್ಲಿ ಅದರ ಮೊಂಡುತುದಿಯ ಬಿರುಗೂದಲುಗಳ ಆಕಾರವನ್ನೂ, ಐದೈದು ಕೋಣೆಗಳುಳ್ಳ ಮೇಣದ ರಂಧ್ರಗಳ ಗುಂಪುಗಳನ್ನೂ ಎಣಿಸಿ ಜಾತಿಯನ್ನು ನಿರ್ಣಯಿಸುತ್ತಾರೆ. ಈ ಕ್ರಮದಿಂದ ಪೆರೆಜ್ ಗೆರ್ರಾ ಮತ್ತು ಕೊಸ್ತಾರಬ್ ಎಂಬಿಬ್ಬರು ವಿದ್ವಾಂಸರು ೧೯೯೨ರಲ್ಲಿ ಇಡೀ ಕುಟುಂಬವನ್ನು ಪರಿಶೋಧಿಸಿ ಒಂಬತ್ತು ಜಾತಿಗಳನ್ನು ಸ್ಥಾಪಿಸಿದರು. ಲಿನೀಯಸನು ಒಂದು ಹೆಸರಿನೊಳಗೆ ಸೇರಿಸಿದುದನ್ನು ಬಿಡಿಸಲು ಇನ್ನೂರ ಮೂವತ್ತುನಾಲ್ಕು ವರ್ಷ ಹಿಡಿಯಿತು.

ಅಷ್ಟರಲ್ಲಿ ಬಣ್ಣದ ವ್ಯಾಪಾರವೇ ಬೇರೆಯಾಗಿತ್ತು. ೧೮೫೬ರಲ್ಲಿ ಕಲ್ಲಿದ್ದಲಿನ ಕೀಲಿನಿಂದ ಕೃತ್ರಿಮವರ್ಣಗಳನ್ನು ಮಾಡುವ ಮಾರ್ಗವು ತೆರೆದುದೇ ಕೊಚಿನೀಲಿನ ದೊಡ್ಡ ಪೇಟೆ ಒಡೆಯಿತು. ಈಗ ಹೆಚ್ಚಾಗಿ ಪೆರು ದೇಶದಲ್ಲಿ ಬೆಳೆಯುವ ಡ್ಯಾಕ್ಟಿಲೋಪಿಯಸ್ ಕೊಕ್ಕಸ್ ಹುಳುವಿನ ಬಣ್ಣವು ಮಿಠಾಯಿ, ತುಟಿಬಣ್ಣಗಳಿಗೆ ಸಲ್ಲುತ್ತದೆ; ಆಹಾರದ ಪೊಟ್ಟಣಗಳ ಮೇಲೆ ಇ ೧೨೦ ಎಂಬ ಸಂಖ್ಯೆಯ ಮರೆಯಲ್ಲಿ ಅಡಗಿರುತ್ತದೆ. ಲಿನೀಯಸನ ಹಳೆಯ ಹೆಸರಾದರೋ ಪ್ರಾಣಿಶಾಸ್ತ್ರದಿಂದ ಉಚ್ಚಾಟಿತವಾಗಿಯೂ ಸತ್ತಿಲ್ಲ. ನಾಯಿಕೆಮ್ಮಿಗೆ ಹೋಮಿಯೋಪತಿ ವೈದ್ಯರು ಕೊಡುವ ಕೊಚಿನೀಲಿನ ಔಷಧದ ಸೀಸೆಯ ಮೇಲೆ, ನಮ್ಮ ಊರುಗಳ ಅಂಗಡಿಗಳಲ್ಲಿಯೂ, ಇಂದಿಗೂ ‘ಕೊಕ್ಕಸ್ ಕ್ಯಾಕ್ಟೈ’ ಎಂದೇ ಬರೆದಿರುತ್ತದೆ.